ನೀಲಿಗಟ್ಟಿದ ಡಿಸ್ಕ್

ಬೆಟ್ಟದ ಮೇಲಿನ ಆಸ್ಪತ್ರೆಯಿಂದ ಕೆಳಗಿನ ಬಸ್ ನಿಲ್ದಾಣದವರೆಗೆ ಇಪ್ಪತ್ತೆರಡು ತಿರುವುಗಳಿವೆ. ಹತ್ತುವಾಗ ಎಲ್ಲ ಕಾರುಗಳೂ ಏದುಸಿರು ಬಿಡುತ್ತವೆ. ಇಳಿಯುವಾಗ ಮಾತ್ರ ಒಂದು ಬಾಡಿಗೆ ಕಾರು ಸದ್ದೇ ಇಲ್ಲದೆ ಇಳಿಯುತ್ತಿತ್ತು. ಅದನ್ನು ಓಡಿಸುವವನನ್ನು ಜನ ತೇಲಪ್ಪ ಎಂದು ಕರೆಯುತ್ತಿದ್ದರು. ಅವನ ನಿಜವಾದ ಹೆಸರು ಹೆಂಡತಿಗೂ ಲೈಸೆನ್ಸಿಗೂ ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ.

ಮೊದಲ ತಿರುವು ದಾಟಿದ ಕೂಡಲೇ ತೇಲಪ್ಪ ಗೇರನ್ನು ನ್ಯೂಟ್ರಲ್‌ಗೆ ತಂದು ಎಂಜಿನ್ ಆರಿಸಿಬಿಡುತ್ತಿದ್ದ. ಆಮೇಲೆ ಕಾರು ತನ್ನ ಭಾರಕ್ಕೆ ತಾನೇ ಉರುಳುತ್ತಿತ್ತು. ಚಕ್ರದ ಕೆಳಗಿನ ಸಣ್ಣ ಕಲ್ಲಿನ ಚುರುಚುರು, ಕಿಟಕಿಯಲ್ಲಿ ಗಾಳಿ, ಮರದ ನೆರಳೊಂದು ಮುಖದ ಮೇಲೆ ಹಾದು ಇನ್ನೊಂದು ನೆರಳಿಗೆ ಜಾಗ ಬಿಡುವುದು, ಅಷ್ಟೇ. ಹಿಂದೆ ಕುಳಿತ ರೋಗಿಗಳೂ ಅವರ ಕಡೆಯವರೂ ಮಾತು ನಿಲ್ಲಿಸುತ್ತಿದ್ದರು. ಕೆಲವರು ತೂಕಡಿಸುತ್ತಿದ್ದರು. ತೇಲಪ್ಪನ ಬಲಗಾಲು ಮಾತ್ರ ಬ್ರೇಕಿನ ಮೇಲೆ ಒತ್ತಿಯೇ ಇರುತ್ತಿತ್ತು, ಮೊದಲ ತಿರುವಿನಿಂದ ಕೊನೆಯ ತಿರುವಿನವರೆಗೆ.

ಕೆಳಗೆ ಬಂದ ಮೇಲೆ ಅವನದು ಇನ್ನೊಂದು ಕೆಲಸವಿತ್ತು. ನಲ್ಲಿಯಿಂದ ಒಂದು ಬಕೆಟ್ ನೀರು ಹಿಡಿದು ಮುಂದಿನ ಎರಡು ಚಕ್ರಗಳ ಮೇಲೆ ಸುರಿಯುತ್ತಿದ್ದ. ಚುಂಯ್ ಎಂದು ಆವಿ ಏಳುತ್ತಿತ್ತು. "ಪಾಪ, ಬಾಯಾರಿಕೆ ಅದಕ್ಕೆ" ಎನ್ನುತ್ತಿದ್ದ. ಆ ಬಿಳಿ ಆವಿ ಕರಗುವವರೆಗೂ ನಿಂತು ನೋಡುತ್ತಿದ್ದ.

ಎರಡು ವಾರದಿಂದ ಪೆಡಲ್ ಸ್ವಲ್ಪ ನಡುಗುತ್ತಿತ್ತು. ಸುಟ್ಟ ವಾಸನೆಯೂ ಬರುತ್ತಿತ್ತು. ರಸ್ತೆ ಕೆಟ್ಟಿದೆ, ಯಾರೋ ಎಲ್ಲೋ ಕಸ ಸುಡುತ್ತಿದ್ದಾರೆ ಎಂದುಕೊಂಡ. ಬೇಡವಾದದ್ದಕ್ಕೆ ಕಾರಣ ಹುಡುಕುವುದು ಮನುಷ್ಯನಿಗೆ ಎಷ್ಟು ಸುಲಭ.

ಆ ಗುರುವಾರ ಮಧ್ಯಾಹ್ನ ಕಾರಿನಲ್ಲಿ ಅವನ ಹೆಂಡತಿ ಇದ್ದಳು. ಅವಳು ಮನೆಯಲ್ಲೇ ಹೊಲಿಗೆ ಮಾಡುವವಳು. ಮಗಳಿಗೆ ಹೆರಿಗೆಯಾಗಿ ಐದು ದಿನವಾಗಿತ್ತು. ಅವಳಿಗೆ ಊಟ ಕೊಟ್ಟು, ಮೊಮ್ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ಇಬ್ಬರೂ ಇಳಿದು ಬರುತ್ತಿದ್ದರು. ಮರುದಿನ ಬೆಳಗ್ಗೆ ಹತ್ತು ಗಂಟೆಗೆ ಬಾಣಂತಿಯನ್ನೂ ಮಗುವನ್ನೂ ಮನೆಗೆ ಕಳಿಸುತ್ತೇವೆ ಎಂದು ನರ್ಸ್ ಹೇಳಿದ್ದಳು.

"ರೀ, ನಿಮ್ಮ ಕಾಲು ಯಾಕೆ ನಡುಗ್ತಿದೆ?"

"ಕಾಲಲ್ಲ ಕಣೇ, ಪೆಡಲ್ಲು."

"ಪೆಡಲ್ ಯಾಕೆ ನಡುಗ್ತಿದೆ?"

"ಅದಕ್ಕೂ ಮೊಮ್ಮಗು ಬಂದ ಸಂತೋಷ."

ಅವಳು ನಗಲಿಲ್ಲ. "ನನ್ನ ಮಿಷಿನ್ ಹೀಗೆ ನಡುಗಿದ್ರೆ ನಾನು ಬಟ್ಟೆ ಹೊರಗೆ ತೆಗೀತೀನಿ" ಎಂದಳು.

ಹತ್ತೊಂಬತ್ತನೆಯ ತಿರುವಿನಲ್ಲಿ ತೇಲಪ್ಪ ಬ್ರೇಕ್ ಒತ್ತಿದ. ಪೆಡಲ್ ಎಂದಿನ ಜಾಗದಲ್ಲಿ ನಿಲ್ಲಲಿಲ್ಲ. ಒದ್ದೆ ಹತ್ತಿಯ ಮೇಲೆ ಕಾಲಿಟ್ಟ ಹಾಗೆ ಮೆತ್ತಗೆ ಒಳಗೊಳಗೇ ಇಳಿಯಿತು. ಅವನು ಕಾಲೆತ್ತಿ ಮತ್ತೆ ಮತ್ತೆ ತುಳಿದ, ಹ್ಯಾಂಡ್ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆದ. ಕಾರು ತಿರುವನ್ನು ದಾಟಿ, ರಸ್ತೆಯ ಇನ್ನೊಂದು ಬದಿಗೆ ಅಡ್ಡವಾಗಿ ಹೋಗಿ ನಿಂತಿತು. ಎದುರಿನಿಂದ ಆ ಹೊತ್ತಿಗೆ ಯಾವ ಗಾಡಿಯೂ ಬರಲಿಲ್ಲ. ಅವರು ಉಳಿದದ್ದಕ್ಕೆ ಬೇರೆ ಕಾರಣ ಏನೂ ಇರಲಿಲ್ಲ.

ಊಟದ ಡಬ್ಬಿ ಸೀಟಿನಿಂದ ಬಿದ್ದು ಉರುಳಿ ಸುಮ್ಮನಾಯಿತು. ಅವನು ಎಂಜಿನ್ ಹಾಕಿ, ಮೊದಲನೆಯ ಗೇರಿನಲ್ಲಿ, ಉಳಿದ ಮೂರು ತಿರುವುಗಳನ್ನು ಇರುವೆಯ ಹಾಗೆ ಇಳಿದ.

ಕೆಳಗೆ ಬಂದ ಮೇಲೆ ಕೈ ತಾನಾಗಿಯೇ ಬಕೆಟ್ಟಿಗೆ ಹೋಯಿತು. ಹೆಂಡತಿ ಬಕೆಟ್ಟಿನ ಹಿಡಿಕೆ ಹಿಡಿದುಕೊಂಡಳು.

"ನಾಳೆ ಮಗು ಬರೋದು ಈ ಕಾರಲ್ಲೇನಾ?"

"ಮತ್ತೆ? ನನ್ನ ಮೊಮ್ಮಗಳು ಕಂಡವರ ಕಾರಲ್ಲಿ ಬರಬೇಕಾ?"

"ಹಾಗಾದ್ರೆ ಮೊದಲು ಬ್ರೇಕಕ್ಕನಿಗೆ ತೋರಿಸಿ. ಇಲ್ಲಾಂದ್ರೆ ನಾನು ಮಗೂನ ಸೆರಗಲ್ಲಿ ಸುತ್ತಿಕೊಂಡು ಇಪ್ಪತ್ತೆರಡು ತಿರುವೂ ನಡ್ಕೊಂಡೇ ಇಳೀತೀನಿ. ನೀವು ಪಕ್ಕದಲ್ಲಿ ತೇಲ್ಕೊಂಡು ಬನ್ನಿ."

ಬ್ರೇಕಕ್ಕ ಎಂದರೆ ಬಸ್ ನಿಲ್ದಾಣದ ಹಿಂದಿನ ಗ್ಯಾರೇಜಿನ ಮೆಕ್ಯಾನಿಕ್. ನಲವತ್ತರ ಹೆಂಗಸು. ಅವಳ ಗ್ಯಾರೇಜಿನಲ್ಲಿ ನಟ್ಟು ಬಿಚ್ಚುವ ಪಾನಾಗಳು ಗೋಡೆಯ ಮೇಲೆ ಅಳತೆಯ ಪ್ರಕಾರ ತೂಗಾಡುತ್ತಿದ್ದವು. ತಗಡಿನ ಮಾಡಿನ ತೂತುಗಳಿಂದ ಬಿಸಿಲಿನ ಕಾಸಗಲದ ಚುಕ್ಕೆಗಳು ನೆಲದ ಎಣ್ಣೆಯ ಮೇಲೆ ಬಿದ್ದಿದ್ದವು.

"ಬನ್ನಿ ತೇಲಣ್ಣಾ. ಕೊನೆಗೂ ದಡ ಸೇರಿದ್ರಾ?" ಎಂದಳು. ಅವನ ಕೈಯಲ್ಲಿ ಇನ್ನೂ ಇದ್ದ ಬಕೆಟ್ ನೋಡಿ ಹುಬ್ಬು ಗಂಟಿಕ್ಕಿದಳು. "ಅದನ್ನ ಕೆಳಗಿಡಿ. ಕಾದ ಗಾಜಿನ ಲೋಟಕ್ಕೆ ತಣ್ಣೀರು ಹಾಕಿದ್ರೆ ಏನಾಗುತ್ತೆ?"

"ಒಡೆಯುತ್ತೆ."

"ಕಬ್ಬಿಣ ನಿಧಾನಕ್ಕೆ ಒಡೆಯುತ್ತೆ. ಅಷ್ಟೇ ವ್ಯತ್ಯಾಸ. ತಾನಾಗೇ ತಣ್ಣಗಾಗಲಿ, ಕೂತ್ಕೊಳ್ಳಿ."

ಒಂದು ಗಂಟೆ ಕಾದರು. ಆಮೇಲೆ ಬ್ರೇಕಕ್ಕ ಜಾಕ್ ಕೊಟ್ಟು ಚಕ್ರ ಬಿಚ್ಚಿದಳು. ಒಳಗೆ ದೊಡ್ಡ ತಟ್ಟೆಯಂಥ ಡಿಸ್ಕ್ ಇತ್ತು. ಅದರ ಮೇಲೆ ಅಲ್ಲಲ್ಲಿ ನೀಲಿ ಕಲೆಗಳು. ತೇಲಪ್ಪ ಬಗ್ಗಿ ನೋಡಿದ. ನವಿಲುಬಣ್ಣದ ಆ ಕಲೆಗಳು ಸುಂದರವಾಗಿಯೇ ಇದ್ದವು. ಮುಟ್ಟಲು ಹೋದಾಗ ಬೆರಳಿಗೆ ಕೂದಲೆಳೆಯಂಥ ಗೀರುಗಳು ತಗುಲಿದವು.

"ಗೀರಲ್ಲ ಅಣ್ಣಾ, ಬಿರುಕು. ನೀಲಿ ಬಂದಿದೆ ಅಂದ್ರೆ ಮಿತಿ ಮೀರಿ ಕಾದಿದೆ ಅಂತ. ಕಾದಾಗಲೆಲ್ಲ ನೀವು ನೀರು ಹುಯ್ದಿದ್ದೀರಿ. ಡಿಸ್ಕ್ ಒಂದೇ ಸಮ ಇಲ್ಲ, ಅದಕ್ಕೇ ಪೆಡಲ್ ನಡುಗೋದು."

ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುವ ಪ್ಯಾಡುಗಳನ್ನು ಹೊರತೆಗೆದು ಅವನ ಅಂಗೈಗಿಟ್ಟಳು. ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಪ್ಯಾಡಿನ ಬೆನ್ನಿನ ತಗಡಿನ ಮೇಲೆ ಉಳಿದಿದ್ದ ಉಜ್ಜುವ ಪದರ ಎರಡು ನಾಣ್ಯದಷ್ಟೂ ದಪ್ಪವಿರಲಿಲ್ಲ.

"ಎಷ್ಟು ನುಣುಪಾಗಿದೆ" ಎಂದ ತೇಲಪ್ಪ.

"ನುಣುಪಾಗಿದ್ರೆ ಹಿಡಿಯೋದು ಹೇಗೆ? ಸೋಪು ಹಚ್ಚಿದ ಕೈಯಲ್ಲಿ ಕೊಡ ಹಿಡಿದ ಹಾಗೆ."

"ಸ್ವಲ್ಪ ಮರಳು ಕಾಗದದಲ್ಲಿ ತಿಕ್ಕಿಕೊಡು. ನಾಳೆ ಒಂದು ದಿನ ಕಳೀಲಿ. ಆಮೇಲೆ ಎಲ್ಲಾ ಬದಲಾಯಿಸೋಣ."

ಬ್ರೇಕಕ್ಕ ಉತ್ತರ ಕೊಡುವ ಮೊದಲೇ ಹೆಂಡತಿ ಹೇಳಿದಳು: "ಇಸ್ತ್ರಿ ಜಾಸ್ತಿ ಕಾದು ಬಟ್ಟೆ ಸುಟ್ಟರೆ, ಆ ಕಲೇನ ತಿಕ್ಕಿದ್ರೆ ಬಟ್ಟೆ ವಾಪಸ್ ಬರುತ್ತಾ? ತೂತು ಬೀಳುತ್ತೆ."

"ಅತ್ತಿಗೆ ನನ್ನ ಅರ್ಧ ಕೆಲಸ ಮಾಡಿಬಿಟ್ರು" ಎಂದು ಬ್ರೇಕಕ್ಕ ನಕ್ಕಳು. ಬಾನೆಟ್ ಎತ್ತಿ ಬ್ರೇಕ್ ಆಯಿಲಿನ ಡಬ್ಬಿ ತೋರಿಸಿದಳು. ಆಯಿಲ್ ಹಾಲಿಲ್ಲದ ಟೀಯಷ್ಟು ಕಪ್ಪಾಗಿತ್ತು. "ಇದು ಹಳೇದಾದಷ್ಟೂ ಗಾಳೀಲಿರೋ ತೇವ ಕುಡಿಯುತ್ತೆ. ಆಮೇಲೆ ಬೇಗ ಕುದಿಯುತ್ತೆ. ಕುದ್ದರೆ ಒಳಗೆ ಗುಳ್ಳೆ. ನೀವು ಗುಳ್ಳೆ ತುಳೀತೀರಿ, ಬ್ರೇಕ್ ತುಳಿಯಲ್ಲ. ಇವತ್ತು ಪೆಡಲ್ ಇಳೀತಲ್ಲ, ಅದು ಇದೇ. ಈಗ ತಣ್ಣಗಾಗಿದೆ, ಒತ್ತಿ ನೋಡಿದ್ರೆ ಎಲ್ಲಾ ಸರಿ ಅನ್ಸುತ್ತೆ. ಅದೇ ಮೋಸ."

ತೇಲಪ್ಪ ಒಳಗೆ ಕೂತು ಒತ್ತಿ ನೋಡಿದ. ಪೆಡಲ್ ಗಟ್ಟಿಯಾಗಿಯೇ ಇತ್ತು. ಅವನ ಮುಖ ಅರಳುವುದನ್ನು ಕಂಡು ಬ್ರೇಕಕ್ಕ ತಲೆ ಅಲ್ಲಾಡಿಸಿದಳು.

"ನಿಧಾನಕ್ಕೆ ಹೋಗ್ತೀನಮ್ಮಾ. ತುಂಬಾ ನಿಧಾನಕ್ಕೆ."

"ಇಳಿಜಾರಲ್ಲಿ ನಿಧಾನಕ್ಕೆ ಹೋಗೋದು ನಿಮ್ಮ ಕೈಲಿದ್ಯಾ, ಬ್ರೇಕಿನ ಕೈಲಿದ್ಯಾ?"

ಹೊಸ ಡಿಸ್ಕ್ ಬರುವುದು ಮರುದಿನ ಬೆಳಗ್ಗೆಯೇ. ಕೂಡಿಸಿ ಮುಗಿಸುವಾಗ ಮಧ್ಯಾಹ್ನವಾಗುತ್ತದೆ. ಹತ್ತು ಗಂಟೆಗೆ ಮಗಳು ಬಾಗಿಲಲ್ಲಿ ಕಾಯುತ್ತಾಳೆ. ತೇಲಪ್ಪ ಪ್ಯಾಡನ್ನು ಅಂಗೈಯಲ್ಲಿ ತಿರುಗಿಸುತ್ತಾ ಕೂತ. ನೆಲದ ಮೇಲಿನ ಬಿಸಿಲಿನ ಚುಕ್ಕೆಗಳು ಒಂದು ಗೇಣು ಸರಿದವು.

"ಅಣ್ಣಾ, ಒಂದು ಕೇಳ್ಲಾ? ಎಂಜಿನ್ ಯಾಕೆ ಆರಿಸ್ತೀರಿ? ಪೆಟ್ರೋಲ್ ಉಳಿಸೋಕಾ?"

"ಅಲ್ಲ" ಎಂದ. ಹೇಳಲೋ ಬೇಡವೋ ಎಂಬಂತೆ ಹೆಂಡತಿಯ ಕಡೆ ನೋಡಿದ. "ದಿನವಿಡೀ ಹಾರನ್ನು, ಜನ, ಅಳು. ಆಸ್ಪತ್ರೆಯಿಂದ ಬರೋರ ಹತ್ತಿರ ಒಳ್ಳೇ ಸುದ್ದಿ ಇರಲ್ಲ. ಆ ಅರ್ಧ ಗಂಟೆ ಮಾತ್ರ ಎಲ್ಲಾ ನಿಂತುಹೋಗುತ್ತೆ. ಕನಸಲ್ಲಿ ಹೋದ ಹಾಗಿರುತ್ತೆ. ಹಿಂದೆ ಕೂತವರೂ ಸ್ವಲ್ಪ ಹೊತ್ತು ಮರೀತಾರೆ."

ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಹೆಂಡತಿ ಈ ಮಾತು ಕೇಳಿದ್ದು ಇದೇ ಮೊದಲು.

ಬ್ರೇಕಕ್ಕ ಕೈಯೊರೆಸಿಕೊಂಡು ಅವನ ಪಕ್ಕ ಹಳೆಯ ಟಯರಿನ ಮೇಲೆ ಕೂತಳು. "ಸುಮ್ಮನಿರೋಕೆ ಗಾಡಿ ಉರುಳಲೇಬೇಕಾ ಅಣ್ಣಾ? ಹನ್ನೊಂದನೇ ತಿರುವಲ್ಲಿ ಅಗಲ ಜಾಗ ಇದೆ. ಅಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಎಷ್ಟು ಹೊತ್ತು ಬೇಕಾದ್ರೂ ಕೂತ್ಕೊಳ್ಳಿ. ಬ್ರೇಕೂ ತಣ್ಣಗಾಗುತ್ತೆ. ಆದ್ರೆ ಇಳಿಯೋವಾಗ ಎಂಜಿನ್ ಇರಲಿ, ಎರಡನೇ ಗೇರಲ್ಲಿ ಇಳೀರಿ. ಗಾಡೀನ ಎಂಜಿನ್ನೇ ಹಿಡಿದಿಡುತ್ತೆ. ಬ್ರೇಕ್ ಬೇಕಾದಾಗ ಒತ್ತಿ, ಬಿಡಿ. ಒತ್ತಿಕೊಂಡೇ ಇರಬೇಡಿ. ಎಂಜಿನ್ ಆರಿಸಿದ್ರೆ ಬ್ರೇಕಿಗೆ ಸಿಗೋ ಸಹಾಯಾನೂ ನಿಲ್ಲುತ್ತೆ, ಎಲ್ಲಾ ಬಲಾನೂ ಕಾಲೇ ಹಾಕಬೇಕು. ಅದಕ್ಕೇ ನೋಡಿ, ನಿಮ್ಮ ಬಲಗಾಲು ಎಡಗಾಲಿಗಿಂತ ದಪ್ಪ."

"ನಾನೂ ಪ್ಯಾಂಟ್ ಹೊಲಿಯೋವಾಗೆಲ್ಲ ಅಂದ್ಕೊಳ್ತಿದ್ದೆ" ಎಂದಳು ಹೆಂಡತಿ.

ತೇಲಪ್ಪನಿಗೂ ನಗು ಬಂತು. ನಗುತ್ತಲೇ ಕಣ್ಣು ಒದ್ದೆಯಾಯಿತು. ಫೋನ್ ತೆಗೆದು ಮಗಳಿಗೆ ಹಚ್ಚಿದ.

"ಪುಟ್ಟಾ, ನಾಳೆ ಬರೋದು ಮೂರು ಗಂಟೆಯಾಗುತ್ತೆ ಕಣಮ್ಮ. ಬ್ರೇಕ್ ಕೆಟ್ಟಿದೆ. ನಾನೇ ಕೆಡಿಸಿದ್ದು."

"ಬೆಡ್ ಬೇರೆಯವರಿಗೆ ಕೊಡಬೇಕಂತೆ ಅಪ್ಪಾ. ಪರವಾಗಿಲ್ಲ, ಹೊರಗಿನ ಕೋಣೇಲಿ ಕೂತಿರ್ತೀನಿ. ನೀವು ಸರಿ ಮಾಡಿಸಿಕೊಂಡೇ ಬನ್ನಿ."

ಮರುದಿನ ಬ್ರೇಕಕ್ಕ ಮುಂದಿನ ಎರಡೂ ಚಕ್ರಗಳಿಗೆ ಹೊಸ ಡಿಸ್ಕ್, ಹೊಸ ಪ್ಯಾಡ್ ಕೂಡಿಸಿದಳು. "ಒಂದೇ ಕಡೆ ಬದಲಾಯಿಸಿದ್ರೆ ಗಾಡಿ ಒಂದು ಕಡೆಗೆ ಎಳೆಯುತ್ತೆ" ಎಂದಳು. ಹಿಂದಿನ ಚಕ್ರಗಳನ್ನೂ ಬಿಚ್ಚಿ ನೋಡಿದಳು. ಕಪ್ಪು ಆಯಿಲನ್ನು ಪೂರ್ತಿ ತೆಗೆದು ಜೇನಿನ ಬಣ್ಣದ ಹೊಸ ಆಯಿಲ್ ತುಂಬಿಸಿದಳು. ಆಮೇಲೆ ಸಮತಟ್ಟಾದ, ಗಾಡಿ ಓಡಾಡದ ರಸ್ತೆಯಲ್ಲಿ ಅವನನ್ನು ಅತ್ತಿಂದಿತ್ತ ಓಡಿಸಿದಳು. ಸ್ವಲ್ಪ ವೇಗ, ಮೆಲ್ಲಗೆ ಬ್ರೇಕ್, ಮತ್ತೆ ಸ್ವಲ್ಪ ವೇಗ, ಮೆಲ್ಲಗೆ ಬ್ರೇಕ್, ಹೀಗೆ ಇಪ್ಪತ್ತು ಸಲ. ಹೊಸ ಪ್ಯಾಡೂ ಹೊಸ ಡಿಸ್ಕೂ ಒಂದಕ್ಕೊಂದು ಹೊಂದಿಕೊಳ್ಳಬೇಕು.

"ಹೊಸದಾಗಿ ಮದುವೆಯಾದವರ ಹಾಗೆ" ಎಂದ ತೇಲಪ್ಪ.

"ಇಪ್ಪತ್ತೇ ಸಲಕ್ಕೆ ಹೊಂದಿಕೊಳ್ತಾರಾ?" ಎಂದಳು ಹಿಂದಿನ ಸೀಟಿನಿಂದ ಹೆಂಡತಿ.

ಮೂರೂವರೆಗೆ ಕಾರು ಬೆಟ್ಟ ಇಳಿಯತೊಡಗಿತು. ಹಿಂದಿನ ಸೀಟಿನಲ್ಲಿ ಮಗಳು, ಅಜ್ಜಿ, ಅವರಿಬ್ಬರ ನಡುವೆ ಬೆತ್ತದ ಬುಟ್ಟಿಯಂಥ ಮಗುವಿನ ಸೀಟು. ಎಂಜಿನ್ ಎರಡನೆಯ ಗೇರಿನಲ್ಲಿ ಒಂದೇ ಶ್ರುತಿಯಲ್ಲಿ ಗುಂಯ್‌ಗುಡುತ್ತಿತ್ತು. ಈ ಸದ್ದು ಸಹಿಸಲಾಗದೆಂದು ತೇಲಪ್ಪ ಅಂಜಿದ್ದ. ಆದರೆ ಅದು ಯಾರೋ ಪಕ್ಕದ ಕೋಣೆಯಲ್ಲಿ ಹಾಡು ಗುನುಗಿದ ಹಾಗಿತ್ತು. ಮಗು ಆ ಗುನುಗಿಗೇ ನಿದ್ದೆಹೋಯಿತು. ಬಲಗಾಲಿಗೆ ಹೆಚ್ಚು ಕೆಲಸವೇ ಇರಲಿಲ್ಲ. ತಿರುವು ಬಂದಾಗ ಒಂದಿಷ್ಟು ಒತ್ತುವುದು, ಬಿಡುವುದು.

ಹದಿನಾಲ್ಕನೆಯ ತಿರುವು ಮುಗಿದದ್ದೇ ತಡ, ರಸ್ತೆಯ ಮಧ್ಯೆ ಒಂದು ಲಾರಿ ಕೆಟ್ಟು ನಿಂತಿತ್ತು. ಅದರ ಹಿಂದೆ ಇಬ್ಬರು ಗಂಡಸರು ಬೆನ್ನು ತಿರುಗಿಸಿ ಚಕ್ರಕ್ಕೆ ಕಲ್ಲು ಕೊಡುತ್ತಿದ್ದರು. ತೇಲಪ್ಪ ಬ್ರೇಕ್ ಒತ್ತಿದ. ಪೆಡಲ್ ನಡುಗಲಿಲ್ಲ, ಇಳಿಯಲಿಲ್ಲ. ಕಾರು ಅವರಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತಿತು. ಕಲ್ಲು ಹಿಡಿದವನು ತಿರುಗಿ ನೋಡಿ, ಸ್ವಲ್ಪ ತಾಳಿ ಎಂದು ಕೈ ಮಾಡಿ ಮತ್ತೆ ತನ್ನ ಕೆಲಸಕ್ಕೆ ಬಗ್ಗಿದ. ಅವನಿಗೆ ಏನೂ ಆಗಿರಲಿಲ್ಲ, ಆದ್ದರಿಂದ ಏನೂ ಗೊತ್ತಾಗಲೂ ಇಲ್ಲ.

"ಯಾಕಪ್ಪಾ ನಿಲ್ಲಿಸಿದ್ರಿ?" ಮಗಳು ಕಣ್ಣು ಬಿಟ್ಟು ಕೇಳಿದಳು.

"ನಿಲ್ಲಿಸೋಕೆ ಆಗುತ್ತೆ ಅಂತ" ಎಂದ ತೇಲಪ್ಪ.

ಹೆಂಡತಿ ಮಗುವಿನ ಎದೆಯ ಮೇಲೆ ಕೈಯಿಟ್ಟು ನೋಡಿದಳು. ಅದು ಎದ್ದಿರಲೇ ಇಲ್ಲ.

ಓದುವವರೇ, ಕೇಳುವವರೇ, ನಿಮ್ಮ ಮನೆಯ ಮುಂದೆಯೂ ಒಂದು ಗಾಡಿ ನಿಂತಿರಬಹುದು. ಅದರ ಪೆಡಲ್ ನಡುಗುತ್ತಿದ್ದರೆ, ಮೆತ್ತಗೆ ಇಳಿಯುತ್ತಿದ್ದರೆ, ಬ್ರೇಕ್ ಹಾಕಿದಾಗ ಕೀರಲು ಸದ್ದೋ ಸುಟ್ಟ ವಾಸನೆಯೋ ಬರುತ್ತಿದ್ದರೆ, ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತಿದ್ದರೆ, ರಸ್ತೆಯನ್ನು ಬೈಯಬೇಡಿ. ಕಾದ ಚಕ್ರಕ್ಕೆ ನೀರು ಸುರಿಯಬೇಡಿ. ಇಳಿಜಾರಿನಲ್ಲಿ ಎಂಜಿನ್ ಆರಿಸಬೇಡಿ, ನ್ಯೂಟ್ರಲ್‌ಗೆ ಹಾಕಬೇಡಿ. ಸುಟ್ಟ ಪ್ಯಾಡನ್ನು ತಿಕ್ಕಿ ಮತ್ತೆ ಹಾಕಿಸಬೇಡಿ. ಬ್ರೇಕ್ ಆಯಿಲ್ ಬದಲಾಯಿಸಿ ಎಷ್ಟು ಕಾಲವಾಯಿತೆಂದು ನೆನಪಾಗದಿದ್ದರೆ, ಬದಲಾಯಿಸುವ ಕಾಲ ಬಂದಿದೆ ಎಂದೇ ತಿಳಿಯಿರಿ. "ನಾಳೆ ಒಂದು ದಿನ ಕಳೆಯಲಿ" ಎಂಬ ಮಾತು ಬಾಯಿಗೆ ಬಂದಾಗ, ನಾಳೆ ಆ ಗಾಡಿಯಲ್ಲಿ ಯಾರು ಕೂರುತ್ತಾರೆ ಎಂದು ಒಂದು ಕ್ಷಣ ಯೋಚಿಸಿ. ಆಮೇಲೆ ನಿಮಗೆ ಗೊತ್ತಿರುವ ಒಳ್ಳೆಯ ಮೆಕ್ಯಾನಿಕ್ ಬಳಿಗೆ ಹೋಗಿ, ಚಕ್ರ ಬಿಚ್ಚಿ ನನ್ನ ಕಣ್ಣಿಗೇ ತೋರಿಸಿ ಎಂದು ಕೇಳಿ. ಇವತ್ತೇ ಕೇಳಿ.