ಮುಂದಿನ ಸಾಲಿನ ಖಾಲಿ ಕುರ್ಚಿ

"ಲೋ ಹಂಪಣ್ಣ, ನಿನ್ ಕೈ ನನ್ ಭುಜದ ಮೇಲೆ ಹೆಂಗೋ ಬಂತು? ನಮ್ಮನೆಯವ್ರು ನೋಡಿದ್ರೆ ನಿನ್ನ ಅಂಗಡಿಗೇ ಬರ್ತಾರೆ!"

ಪ್ರತಿಭಾ ಗೋಡೆಯ ಫೋಟೋ ತೋರಿಸಿ ಬಾಯಿ ಮುಚ್ಚಿಕೊಂಡು ನಕ್ಕಳು. ಮರುದಿನ ನಮ್ಮ ಕಾಲೇಜಿನ ಶತಮಾನೋತ್ಸವ. ಗೆದ್ದಲು ಹಿಡಿದಿದ್ದ ಹಳೆಯ ಗ್ರೂಪ್ ಫೋಟೋಗಳನ್ನೆಲ್ಲ ಶಿವಾಜಿನಗರದ ಒಂದು ಸ್ಟುಡಿಯೋದಲ್ಲಿ ಕಂಪ್ಯೂಟರಿಗೆ ಹಾಕಿಸಿ, ಹೊಸದಾಗಿ ಮಾಡಿಸಿ ಕಾರಿಡಾರಿನಲ್ಲಿ ತೂಗುಹಾಕಿದ್ದರು. ೧೯೯೩ರ ಇತಿಹಾಸ ಬಿ.ಎ.ಯವರಾದ ನಾವೂ ಅಲ್ಲಿದ್ದೆವು.

ನನಗೆ ನಗು ಬರಲಿಲ್ಲ. ಹಳೆಯ ಫೋಟೋದಲ್ಲಿ ನನ್ನ ಕೈ ಇದ್ದದ್ದು ಪ್ರತಿಭಾಳ ಭುಜದ ಮೇಲಲ್ಲ, ಖಾಲಿ ಕುರ್ಚಿಯ ಬೆನ್ನಿನ ಮೇಲೆ. ಓದುತ್ತಿರುವಾಗಲೇ ಯಾರಾದರೂ ತೀರಿಹೋದರೆ ಅವರ ಕುರ್ಚಿಯನ್ನು ಮುಂದಿನ ಸಾಲಿನಲ್ಲಿ ಖಾಲಿ ಇಟ್ಟೇ ಫೋಟೋ ತೆಗೆಸುವುದು ನಮ್ಮ ಕಾಲೇಜಿನ ಪದ್ಧತಿ. ಆ ವರ್ಷದ ಕುರ್ಚಿ ಸಂಘಮಿತ್ರಾಳದು.

ಹಲಸೂರಿನ ಹುಡುಗಿ. "ಬ್ರಿಟಿಷರ ದಂಡು ಬರೋಕ್ ಮುಂಚೆನೇ ನಮ್ಮ ಹಲಸೂರಿತ್ತು ಸಾರ್, ಅಲ್ಲಿಂದ ಶುರು ಮಾಡಿ" ಎಂದು ಮೇಷ್ಟರನ್ನೇ ತಡೆದು ನಿಲ್ಲಿಸುತ್ತಿದ್ದಳು. ಅವಳಿಗೆ ಹೇಳಬೇಕಾದ ಒಂದು ಮಾತನ್ನು ನಾನು ಪರೀಕ್ಷೆ ಮುಗಿಯಲಿ ಎಂದು ಇಟ್ಟುಕೊಂಡಿದ್ದೆ. ಪರೀಕ್ಷೆಗೆ ಮೊದಲೇ ಕಾಮಾಲೆ ಅವಳನ್ನು ಕೊಂಡೊಯ್ದಿತು. ಇತಿಹಾಸ ಓದಿದ ನಾನು ಕೆ.ಆರ್. ಪುರದಲ್ಲಿ ಪೈಪು, ನಲ್ಲಿ ಮಾರುತ್ತಿದ್ದೇನೆ. ಮದುವೆ, ಮಕ್ಕಳು ಎಲ್ಲ ಆಯಿತು. ಆ ಮಾತು ಮಾತ್ರ ಹಾಗೇ ಉಳಿದಿದೆ.

ಅವಳ ತಾಯಿ ವೆಂಕಟಮ್ಮನವರನ್ನು ಮರುದಿನ ಕರೆತರಲು ಒಪ್ಪಿಕೊಂಡಿದ್ದವನು ನಾನೇ. "ನನ್ ಮಗಳ ಕುರ್ಚಿ ಒಂದ್ಸಲ ನೋಡ್ಬೇಕಪ್ಪ" ಎಂದಿದ್ದರು. ಈಗ ಹೊಸ ಫೋಟೋದಲ್ಲಿ ಕುರ್ಚಿಯೇ ಇಲ್ಲ.

ನೇರ ಸ್ಟುಡಿಯೋಗೆ ಹೋದೆ. ಕೂಗಾಡಿದರೆ ಕೆಲಸ ನಾಳೆಗೆ ಹೋಗುತ್ತದೆ ಎಂಬುದು ಅಂಗಡಿ ಇಟ್ಟವನಿಗೆ ಗೊತ್ತು. ಎರಡು ಟೀ ತರಿಸಿದೆ.

"ಮಧ್ಯೆ ಗ್ಯಾಪ್ ಇತ್ತು ಸಾರ್, ಹಲ್ಲು ಬಿದ್ದಂಗೆ ಕಾಣ್ತಿತ್ತು," ಮಾಲೀಕರು ಹೆಮ್ಮೆಯಿಂದಲೇ ಹೇಳಿದರು. "ಪಕ್ಕದ ಮೇಡಂನ ಸ್ವಲ್ಪ ಸರಿಸಿ ಸೆಟ್ ಮಾಡ್ದೆ."

"ಅದು ಗ್ಯಾಪ್ ಅಲ್ಲ ಭಾಯ್. ನಮ್ ಕ್ಲಾಸಿನ ಹುಡುಗಿ. ತೀರ್ಕೊಂಡ್ಳು."

ಅವರು ಟೀ ಲೋಟ ಕೆಳಗಿಟ್ಟರು. "ಯಾ ಅಲ್ಲಾ... ಯಾರೂ ಹೇಳ್ಲಿಲ್ವಲ್ಲ ಸಾರ್." ಕಂಪ್ಯೂಟರಿನಲ್ಲಿ ಹುಡುಕಿ ಮೊದಲ ಪ್ರತಿಯನ್ನು ತೆಗೆದರು. "ಇದ್ರಲ್ಲಿ ಗೆದ್ದಲು ತಿಂದಿರೋದೆಲ್ಲ ಹಂಗೇ ಇದೆ. ನಡೆಯುತ್ತಾ?"

"ನಡೆಯುತ್ತೆ."

ಮರುದಿನ ಕಾರಿಡಾರಿನಲ್ಲಿ ವೆಂಕಟಮ್ಮ ಚಷ್ಮಾ ಏರಿಸಿ ಬಹಳ ಹೊತ್ತು ನೋಡಿದರು. ಪ್ರತಿಭಾ ಅವರ ಪಕ್ಕದಲ್ಲಿ ನಿಂತಿದ್ದಳು. ಮುದುಕಿಯ ಬೆರಳು ಗಾಜಿನ ಮೇಲೆ ಕುರ್ಚಿಯ ಸೀಟು ಸವರಿ ಮೇಲೇರಿ, ಕುರ್ಚಿಯ ಬೆನ್ನಿನ ಮೇಲಿದ್ದ ಕೈಯ ಹತ್ತಿರ ನಿಂತಿತು.

"ಇದ್ಯಾರ ಕೈಯಪ್ಪ?"

ಪ್ರತಿಭಾ ನನ್ನನ್ನು ನೋಡಿದಳು.

"ನಂದಮ್ಮ" ಎಂದೆ.

ಅವರು ತಿರುಗಿ ನನ್ನ ಮುಖವನ್ನೂ ಅಷ್ಟೇ ಹೊತ್ತು ನೋಡಿದರು.

"ಬಿಗಿಯಾಗಿ ಹಿಡ್ಕೊಂಡಿದೀಯ" ಎಂದರು.