ಇಲ್ಲದ ಪಾದದ ಉರಿ

ಅಡುಗೆಮನೆಯಿಂದ ಮಾಲಿನಿ ಎರಡು ಸಲ ಕೂಗಿದಳು. ಗುರುಪ್ರಕಾಶ್ ಓಗೊಡಲಿಲ್ಲ.

ಗಡಿಯಲ್ಲಿ ನೆಲಬಾಂಬ್ ಸಿಡಿದು ಅವಳ ಗಂಡನ ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಸೇನೆಯ ಆಸ್ಪತ್ರೆಯಿಂದ ಗುಬ್ಬಿಯ ಮನೆಗೆ ಬಂದ ಮೇಲೂ ಆ ಇಲ್ಲದ ಪಾದ ಅವನನ್ನು ಬಿಟ್ಟಿರಲಿಲ್ಲ. ಹಿಮ್ಮಡಿಗೆ ಕಾದ ಕಬ್ಬಿಣ ಇಟ್ಟ ಹಾಗಾಗುತ್ತದೆ ಎಂದು ಹಲ್ಲು ಕಚ್ಚುತ್ತಿದ್ದ. ತುಮಕೂರಿನ ಡಾಕ್ಟರ್ ದೀಪಿಕಾ ಕೊಟ್ಟ ಮಾರ್ಫಿನ್ ಮಾತ್ರೆ ನುಂಗಿದರೆ ಸ್ವಲ್ಪ ಹೊತ್ತು ನೆಮ್ಮದಿ. ಆ ಮಾತ್ರೆಯೆಂದರೆ ಮಾಲಿನಿಗೆ ದಿಗಿಲು. ಅದಿಲ್ಲದೆ ಅವನು ಹೊರಳಾಡುವುದನ್ನು ನೋಡುವುದು ಇನ್ನೂ ದಿಗಿಲು.

ಅಂದು ಕುಣಿಗಲ್‌ನಿಂದ ಕಿರಣ್‌ಕುಮಾರ್ ಊಟಕ್ಕೆ ಬರುವವನಿದ್ದ. ಸ್ಫೋಟವಾದಾಗ ಗುರುಪ್ರಕಾಶನನ್ನು ಹೆಗಲ ಮೇಲೆ ಹೊತ್ತು ತಂದ ಜೊತೆಗಾರ. ಈಗ ರಜೆಯ ಮೇಲೆ ಊರಿಗೆ ಬಂದಿದ್ದ.

ಕೈ ಒರೆಸಿಕೊಳ್ಳುತ್ತ ಮಾಲಿನಿ ಕೋಣೆಗೆ ಹೋದಳು. ಗಂಡ ಗೋಡೆಗೆ ಒರಗಿದ್ದ. ತುಟಿ ನೀಲಿಗಟ್ಟಿತ್ತು.

"ರೀ... ಏಳ್ರೀ!"

ಅಲುಗಿಸಿದರೆ ತಲೆ ಪಕ್ಕಕ್ಕೆ ವಾಲಿತು. ಮೂಗಿನ ಬಳಿ ಬೆರಳಿಟ್ಟಳು. ಏನೂ ತಾಗಲಿಲ್ಲ. ಆಮೇಲೆ ಒಂದು ಸಣ್ಣ ಉಸಿರು. ಮತ್ತೊಂದು ಬರುವಷ್ಟರಲ್ಲಿ ಅವಳ ಜೀವ ಬಾಯಿಗೆ ಬಂದಿತ್ತು. ಹಾಸಿಗೆಯ ಮೇಲೆ ಮಾತ್ರೆಯ ಹಾಳೆ ಬಿದ್ದಿತ್ತು, ಅರ್ಧಕ್ಕರ್ಧ ಖಾಲಿ.

ಸಾಯಬೇಕೆಂದೇ ನುಂಗಿದನೇ? 

ಹೊರಗೆ ಕಾರು ನಿಂತ ಸದ್ದಾಯಿತು. "ಕಿರಣಣ್ಣಾ, ಬೇಗ ಬನ್ನಿ! ಇವ್ರು ಏಳ್ತಾನೇ ಇಲ್ಲ!"

ಕಿರಣ್ ಒಳಗೆ ಓಡಿಬಂದ. ಗೆಳೆಯನನ್ನು ಎತ್ತಿ ಕಾರಿನಲ್ಲಿ ಮಲಗಿಸಿದ. "ಅಕ್ಕಾ, ಆ ಹಾಳೆ ತಗೊಳ್ಳಿ. ದಾರೀಲಿ ಎಬ್ಬಿಸ್ತಾನೇ ಇರಿ."

ತುಮಕೂರಿನವರೆಗೂ ಅವಳು ಗಂಡನ ಕೆನ್ನೆ ತಟ್ಟುತ್ತ, "ಉಸಿರಾಡ್ರೀ, ಉಸಿರಾಡಿ" ಎನ್ನುತ್ತಲೇ ಇದ್ದಳು. ಅವನ ಉಸಿರು ನಿಂತಾಗೆಲ್ಲ ಅವಳದೂ ನಿಲ್ಲುತ್ತಿತ್ತು.

ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ ಕೊಟ್ಟರು. ಮಾತ್ರೆಯ ಅಮಲು ಇಳಿಯಿತು. ಅದು ತಡೆದಿದ್ದ ನೋವು ಒಮ್ಮೆಗೇ ಮೇಲೆ ಬಿತ್ತು. ಗುರುಪ್ರಕಾಶ್ ಕಣ್ಣು ಬಿಟ್ಟವನೇ "ಪಾದ! ಪಾದ!" ಎಂದು ಕಿರುಚಿದ. ಆ ಕಿರುಚಾಟ ಕೇಳಿ ಮಾಲಿನಿ ಗೋಡೆ ಹಿಡಿದು ಅತ್ತಳು. ಬದುಕಿದ್ದ.

ಅವನು ಮಾತಾಡುವಂತಾದ ಮೇಲೆ ದೀಪಿಕಾ ಹತ್ತಿರ ಕೂತು ಕೇಳಿದರು: "ಯಾಕೆ ಅಷ್ಟೊಂದು ತಗೊಂಡ್ರಿ?"

"ಕಿರಣ ಬರ್ತಾನೆ ಅಂತ. ಅವನ ಮುಂದೆ ಕಿರುಚಬಾರ್ದು ಅಂತ... ಒಂದು ತಗೊಂಡೆ, ಉರಿ ನಿಲ್ಲಲಿಲ್ಲ. ಇನ್ನೊಂದು, ಮತ್ತೊಂದು... ಸಾಯೋಕಲ್ಲ ಕಣೇ ಮಾಲಿನಿ."

"ಲೋ, ಅವತ್ತು ನನ್ನ ಕಿವೀಲೇ ಕಿರುಚಿದ್ಯಲ್ಲೋ, ನಾನೇನ್ ಬಿಟ್ಟು ಓಡೋದ್ನಾ?" ಎಂದ ಕಿರಣ್. 

"ಇದು ಕತ್ತರಿಸಿಹೋದ ನರದ ಉರಿ," ಎಂದರು ದೀಪಿಕಾ. "ಮಾರ್ಫಿನ್ ಒಂದಕ್ಕೇ ಬಗ್ಗಲ್ಲ. ನರಕ್ಕೆ ಬೇರೆ ಔಷಧಿ ಇದೆ, ನರದ ಪಕ್ಕಕ್ಕೆ ಇಂಜೆಕ್ಷನ್ನೂ ಕೊಡೋಣ. ಆದ್ರೆ ಉರಿ ಜಾಸ್ತಿಯಾದ್ರೆ ನನಗೆ ಹೇಳ್ಬೇಕು. ನೀವೇ ಮಾತ್ರೆ ಏರಿಸ್ಕೋಬಾರ್ದು."

ಹೊಸ ಚಿಕಿತ್ಸೆಗೆ ಉರಿ ತಗ್ಗಿತು, ಪೂರ್ತಿ ಹೋಗಲಿಲ್ಲ. ಗುಬ್ಬಿಗೆ ಮರಳಿದ ಮೇಲೆ ಮಾತ್ರೆಗಳೆಲ್ಲ ಮಾಲಿನಿಯ ಬೀರುವಿನಲ್ಲಿದ್ದವು. ಆದರೂ ಅವನು ಕಣ್ಣು ಮುಚ್ಚಿದರೆ ಸಾಕು, ಅವಳು ಮೂಗಿನ ಬಳಿ ಬೆರಳಿಟ್ಟು ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಅವನೇ ಕರೆದ. ಹಣೆಯ ಮೇಲೆ ಬೆವರು ಮೂಡಿತ್ತು.

"ಮತ್ತೆ ಶುರುವಾಗಿದೆ ಕಣೇ. ತಡೆಯೋಕಾಗ್ತಿಲ್ಲ. ಡಾಕ್ಟ್ರಿಗೆ ಫೋನ್ ಮಾಡು."

ಮಾತ್ರೆ ಕೇಳದೆ, ಡಾಕ್ಟರಿಗೆ ಹೇಳು ಎಂದು ಅವನು ತಾನಾಗಿ ಅಂದದ್ದು ಅದೇ ಮೊದಲು. ಮಾಲಿನಿ ನಂಬರ್ ಒತ್ತಿದಳು.