ಮಂಡಳದ ಬಿಳಿ ಸೀರೆ

ಬೆಳಗಾವಿಯ ವೀರಪತ್ನಿ ಸಹಾಯಕ ಮಂಡಳಕ್ಕೆ ಸ್ವಂತದ್ದೆನ್ನುವ ಆಸ್ತಿ ಎರಡೇ: ಒಂದು ಮೈಕು, ಇನ್ನೊಂದು ಬಿಳಿ ಸೀರೆ. ಮೈಕು ಅಧ್ಯಕ್ಷೆ ಗಂಗಾದೇವಿಯವರಿಗೆ. ಸೀರೆ ಖಾನಾಪುರದ ಶಿವಲಿಂಗವ್ವನಿಗೆ, ಅದೂ ಸಭೆ ಮುಗಿಯುವ ತನಕ ಮಾತ್ರ.

ಶಿವಲಿಂಗವ್ವನ ಗಂಡ ಎಪ್ಪತ್ತೊಂದರ ಯುದ್ಧದಲ್ಲಿ ತೀರಿಕೊಂಡಿದ್ದ. ಮೊದಲ ಸಲ ವೇದಿಕೆ ಹತ್ತಿದಾಗ ಅವಳು ತನ್ನ ಇಳಕಲ್ ಸೀರೆಯನ್ನೇ ಉಟ್ಟಿದ್ದಳು. ಅವರ ಓಣಿಯಲ್ಲಿ ಗಂಡ ಸತ್ತವರು ಬಿಳಿ ಉಡುವ ರೂಢಿಯೇ ಇರಲಿಲ್ಲ. ಇದರಿಂದ ಅನಾಹುತವಾಯಿತು. ವಿಧವೆ ಯಾರೆಂದು ತಿಳಿಯದ ಮುಖ್ಯ ಅತಿಥಿ ಖಜಾಂಚಿಯ ಹೆಂಡತಿಗೆ ಕಣ್ಣೀರು ತುಂಬಿ ಸಾಂತ್ವನ ಹೇಳಿಬಿಟ್ಟರು. ಖಜಾಂಚಿ ಎದುರು ಸಾಲಿನಲ್ಲೇ ಗುಂಡುಕಲ್ಲಿನ ಹಾಗೆ ಕೂತಿದ್ದ. ಮರುದಿನವೇ ಮಂಡಳ ಸಭೆ ಸೇರಿ ಬಿಳಿ ಸೀರೆ ಕೊಂಡಿತು.

ಅಂದಿನಿಂದ ಎಲ್ಲ ಸುಸೂತ್ರ. ಮಂಡಳದವರು ಕೆಟ್ಟವರೇನಲ್ಲ, ಸುಳ್ಳೇಕೆ ಹೇಳಬೇಕು. ಹೊಲಿಗೆ ಯಂತ್ರ ಕೊಡಿಸಿದ್ದರು, ಅದರಿಂದಲೇ ಅತ್ತೆ ಸೊಸೆಯ ಹೊಟ್ಟೆ ತುಂಬುತ್ತಿತ್ತು. ಉಂಡ ಮನೆಗೆ ಎರಡು ಬಗೆಯಬಾರದೆಂದು ಶಿವಲಿಂಗವ್ವ ಕರೆದಾಗಲೆಲ್ಲ ಹೋಗಿ, ಕೊಟ್ಟ ಸೀರೆ ಉಟ್ಟು, ತೋರಿಸಿದ ಕುರ್ಚಿಯಲ್ಲಿ ಕೂತು ಬರುತ್ತಿದ್ದಳು. ಅವಳು ತಲೆ ತಗ್ಗಿಸಿ ಕೂರುವ ಚೆಂದವನ್ನು ಮಂಡಳದ ಹೆಂಗಸರು ಹೊಗಳಿದ್ದೇ ಹೊಗಳಿದ್ದು.

ಕುತ್ತು ಬಂದದ್ದು ಉಳವಪ್ಪನಿಂದ. ಹೆಂಡತಿ ಸತ್ತವನು, ಹೆಂಚಿನ ಕಾರ್ಖಾನೆಯ ಕೆಲಸಗಾರ. ಹರಿದ ಅಂಗಿ ಹೊಲಿಸಲು ಬಂದ, ಮತ್ತೆ ಬಂದ, ಕೊನೆಗೆ ಹರಿಯದ ಅಂಗಿಯನ್ನೂ ತಂದ. ಅತ್ತೆ ಬಸವಣ್ಣೆವ್ವ ಕುರುಡಿಯಲ್ಲ. ಸೊಸೆಯನ್ನು ಎದುರಿಗೆ ಕೂರಿಸಿಕೊಂಡಳು.

"ಅಂವ ಚಲೋ ಅದಾನ. ನಿನ್ನ ಮನಸಿನ್ಯಾಗ ಏನೈತಿ ಹೇಳು."

"ನೀವು ಒಬ್ಬರ ಆಗ್ತೀರಲ್ಲತ್ತಿ."

"ಇಲ್ಲೇ ಬಂದು ಇರಪಾ ಅಂತ ಅವಗ ಹೇಳೇನಿ. ಮಗನ್ನಂತೂ ಕಳಕೊಂಡೆ. ನಿನ್ನೂ ಜೀವಂತ ಹುಗದು ಕುಂದರ್ಲೇನು?"

ಶಿವಲಿಂಗವ್ವ ಅತ್ತೆಯ ಮಡಿಲಲ್ಲಿ ತಲೆಯಿಟ್ಟು ಅತ್ತಳು. ಉಳವಪ್ಪ ಅವಳಿಗೆ ಬೇಕಾಗಿದ್ದ, ಬಹಳ ಬೇಕಾಗಿದ್ದ. ಹೀಗೆ ಉಡಿಕೆ ನಿಶ್ಚಯವಾಯಿತು. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಮತ್ತೊಬ್ಬನ ಕೈಹಿಡಿಸುವ ಈ ಪದ್ಧತಿ ಅವರಲ್ಲಿ ಹಿಂದಿನಿಂದಲೂ ಇತ್ತು.

ಸುದ್ದಿ ಮುಟ್ಟಿದ್ದೇ ತಡ, ಗಂಗಾದೇವಿಯವರು ಜೀಪು ಹತ್ತಿ ಖಾನಾಪುರಕ್ಕೆ ಬಂದರು.

"ಭಾಳ ಚಲೋ ಆತವಾ, ಸಮಾಜ ಸುಧಾರಣಿ ಅಂದ್ರ ಇದು. ಆದ್ರ ಡಿಸೆಂಬರದಾಗ ಸೈನಿಕರ ಧ್ವಜ ದಿನ ಐತಿ. ಅದೊಂದು ಮುಗೀಲಿ."

ಮುಗಿಯಿತು. ಆಮೇಲೆ ಜನವರಿಗೆ ಮಂತ್ರಿಗಳು ಬರುವವರಿದ್ದರು. ಬಂದು ಹೋದರು. ಮೂರನೆಯ ಸಲ ಮಂಡಳದ ವಾರ್ಷಿಕೋತ್ಸವವೆಂದು ಹೇಳಿ ಕಳಿಸಿದಾಗ ಬಸವಣ್ಣೆವ್ವನ ತಾಳ್ಮೆ ಮುಗಿಯಿತು.

"ಸತ್ತವರನ್ನ ಮಂದಿ ವರ್ಷಕ್ಕೊಮ್ಮೆ ನೆನಸ್ತಾರ. ಇವರು ನನ್ನ ಮಗನ್ನ ತಿಂಗಳಿಗೊಮ್ಮೆ ಸಾಯಿಸ್ತಾರ," ಎಂದವಳೇ ವಾರ್ಷಿಕೋತ್ಸವದ ಹಿಂದಿನ ದಿನವೇ ಉಡಿಕೆ ಮಾಡಿ ಮುಗಿಸಿದಳು.

ಮರುದಿನ ಶಿವಲಿಂಗವ್ವ ಹಸಿರು ಸೀರೆ ಉಟ್ಟು, ಕೈತುಂಬ ಬಳೆ ತೊಟ್ಟು, ಹಣೆಗೆ ಕುಂಕುಮ, ಸೆರಗಿನ ಗಂಟಿನಲ್ಲಿ ಒಂದಿಷ್ಟು ಸಕ್ಕರೆ ಇಟ್ಟುಕೊಂಡು ಉಳವಪ್ಪನ ಜೊತೆ ಬೆಳಗಾವಿಯ ಬಸ್ಸು ಹತ್ತಿದಳು. ಗಂಗಾದೇವಿ ಅಕ್ಕಾರ ಬಾಯಿ ಸಿಹಿ ಮಾಡಬೇಕೆಂಬ ಹುಚ್ಚು ಆಸೆ. ಉಳವಪ್ಪನನ್ನು ಸಭಾಭವನದ ಗೇಟಿನಲ್ಲಿ ನಿಲ್ಲಿಸಿ ಒಬ್ಬಳೇ ಒಳಕೋಣೆಗೆ ಹೋದಳು.

ಗಂಗಾದೇವಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಅವಳು ಬಿಚ್ಚುತ್ತಿದ್ದ ಸಕ್ಕರೆಯ ಗಂಟನ್ನು ನೋಡಲಿಲ್ಲ.

"ಆತೇನು? ಆಗ್ಲಿ ಬಿಡು. ದೇವರು ಚಲೋ ಇಡ್ಲಿ," ಎಂದು ಕಪಾಟಿನಿಂದ ಬಿಳಿ ಸೀರೆ ತೆಗೆದರು. "ಮುಖ್ಯ ಅತಿಥಿಗಳು ಬಂದು ಕುಂತಾರ. ಲಗೂನ ಉಟಗೋ. ಕುಂಕುಮ ಒರಿಸ್ಕೋ, ಬಳಿ ತಗದು ಇಲ್ಲೇ ಇಡು. ಅರ್ಧಾ ತಾಸಿನ ಮಾತು. ಆಮ್ಯಾಲ ಹಾಕ್ಕೊಂಡ್ರಾತು."

ನಿನ್ನೆ ತೊಟ್ಟ ಬಳೆ. ಆದರೂ ಶಿವಲಿಂಗವ್ವ ಸೀರೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು, ಮಡಿಕೆ ಬಿಚ್ಚಿದಳು, ಗಂಗಾದೇವಿಯವರ ಹತ್ತಿರ ಸರಿದು ಅವರ ಹೆಗಲಿಗೆ ಹಿಡಿದಳು.

"ಅರ್ಧಾ ತಾಸಿನ ಮಾತು ಹೌದಲ್ರೀ ಅಕ್ಕಾರ? ಇವತ್ತ ನೀವ ಉಟಗೋರಿ. ಕುಂಕುಮ ನಾ ಒರಸ್ತೇನಿ."

ಹಾವು ಮೈಮೇಲೆ ಬಿದ್ದವರಂತೆ ಗಂಗಾದೇವಿ ಹಿಂದಕ್ಕೆ ಹಾರಿದರು. ಎರಡೂ ಕೈಯಿಂದ ತಾಳಿ ಮುಚ್ಚಿಕೊಂಡರು.

"ಏನ್ ಅಪಶಕುನ ನುಡೀತಿ? ನನ್ನ ಗಂಡ ಹೊರಗ ಕುಂತಾರ. ಬಿಡ್ತು ಅನ್ನು. ಮೊದಲ ಬಿಡ್ತು ಅನ್ನು."

"ಬಿಡ್ತುರೀ," ಎಂದಳು ಶಿವಲಿಂಗವ್ವ. "ನನ್ನ ಗಂಡನೂ ಹೊರಗ ನಿಂತಾನ. ನೀವೂ ಒಮ್ಮೆ ಅನ್ರಿ."

ಮೈಕು ವೇದಿಕೆಯ ಮೇಲಿತ್ತು. ಬಿಡ್ತು ಎನ್ನುವ ಬದಲು ಗಂಗಾದೇವಿಯವರು ತಾಳಿ ಹಿಡಿದುಕೊಂಡೇ ಬಾಗಿಲಾಚೆ ಅದರತ್ತ ನೋಡಿದರು. ಶಿವಲಿಂಗವ್ವ ಸೀರೆಯನ್ನು ಕುರ್ಚಿಯ ಮೇಲಿಟ್ಟು, ಸಕ್ಕರೆಯ ಗಂಟನ್ನು ಬಿಗಿ ಮಾಡಿಕೊಂಡು ಗೇಟಿನ ಕಡೆ ನಡೆದಳು.